ಕ್ಯಾಮೆರಾ ಆಫ್ ಆದ ಮೇಲಿನ ಮಾತು

ಒಂದು ವಾಕ್ಯ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. "ನನಗೆ ಅಂಥ ಒತ್ತಡ ಏನಿಲ್ಲ. ಆದರೆ ನಮ್ಮ ವಯಸ್ಸಿನವರಿಗೆ ತುಂಬಾ ಇದೆ." ಕಾಲೇಜಿನಲ್ಲಿದ್ದಾಗ ನಾವು ಕೆಲವರು ಸೇರಿ ಯುವಜನರ ಮೇಲಿನ ಸಾಮಾಜಿಕ ಒತ್ತಡದ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡಿದೆವು. ಧ್ವನಿ ಮತ್ತು ಎಡಿಟಿಂಗ್ ನನ್ನ ಪಾಲಿಗೆ ಬಂದಿತ್ತು. ಸಂದರ್ಶನಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಹೆಡ್‌ಫೋನ್ ಹಾಕಿ ಒಂದೊಂದೇ ಕೇಳುತ್ತಾ ಹೋದೆ. ಯಾರೇ ಮಾತಾಡಲಿ, ಸ್ವಲ್ಪ ಹೊತ್ತಿಗೆ ಈ ಮಾತು ಬಂದೇ ಬರುತ್ತಿತ್ತು. ಅಂಕದ ವಿಷಯ ಇರಲಿ, ಮೈಬಣ್ಣ, ಮೈಕಟ್ಟು, ಫೋನು, ಬಟ್ಟೆ, ಮುಂದೆ ಏನು ಓದಬೇಕು ಅನ್ನೋ ವಿಷಯ ಇರಲಿ, ಒತ್ತಡ ಇರುವುದು ಮಾತ್ರ ಬೇರೆಯವರಿಗೆ. ಒಂದು ಸಂಜೆ ಆ ತುಣುಕುಗಳನ್ನಷ್ಟೇ ಕತ್ತರಿಸಿ ಟೈಮ್‌ಲೈನ್‌ನಲ್ಲಿ ಒಂದರ ಪಕ್ಕ ಒಂದು ಜೋಡಿಸಿದೆ. ಪ್ರತಿಯೊಬ್ಬರೂ ಪಕ್ಕದವರ ಕಡೆ ಕೈ ತೋರಿಸುತ್ತಿದ್ದರು. ಆ ಪಕ್ಕದವರು ಇನ್ನೊಬ್ಬರ ಕಡೆ ತೋರಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಸಂಕೋಚ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಧ್ವನಿ ನೋಡಿಕೊಳ್ಳುವವರಿಗೆ ಮಾತ್ರ ಸಿಗುವ ಒಂದು ಹೊತ್ತಿದೆ. ಸಂದರ್ಶನ ಮುಗಿದ ಮೇಲೆ ನಾವು ರೂಮ್ ಟೋನ್ ತೆಗೆದುಕೊಳ್ಳುತ್ತೇವೆ. ಯಾರೂ ಮಾತಾಡದೆ ಅರ್ಧ ನಿಮಿಷ ಕೂತು ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡುವುದು. ಎಡಿಟ್ ಮಾಡುವಾಗ ಮಾತಿನ ನಡುವಿನ ಖಾಲಿ ಜಾಗ ತುಂಬಲು ಅದು ಬೇಕು. ಅದಾದ ಮೇಲೆ ಲೈಟ್ ಆರುತ್ತದೆ, ಕ್ಯಾಮೆರಾದವರು ಸ್ಟ್ಯಾಂಡ್ ಮಡಚಲು ಹೋಗುತ್ತಾರೆ. ನಾನು ಅಂಗಿಗೆ ಸಿಕ್ಕಿಸಿದ ಪುಟ್ಟ ಮೈಕ್ ಬಿಚ್ಚುತ್ತಾ, ವೈರ್ ಸುತ್ತುತ್ತಾ ಅವರ ಹತ್ತಿರವೇ ಇರುತ್ತೇನೆ. ಆಗ ಅವರಾಗಿಯೇ ಮಾತಿಗಿಳಿಯುತ್ತಿದ್ದರು. ಆ ಮಾತು ಪೂರ್ತಿ ಬೇರೆ. "ಬೇರೆಯವರೆಲ್ಲ ಹೇಗೋ ನಿಭಾಯಿಸ್ತಾರೆ. ನನಗೆ ಮಾತ್ರ ಆಗ್ತಿಲ್ಲ."

ಕ್ಯಾಮೆರಾ ಆನ್ ಇದ್ದಾಗ ಕಷ್ಟ ಬೇರೆಯವರಿಗೆ, ತನಗಲ್ಲ. ಆಫ್ ಆದಾಗ ಕಷ್ಟ ತನಗೆ, ಬೇರೆಯವರಿಗಲ್ಲ. ಒಬ್ಬರಲ್ಲ ಇಬ್ಬರಲ್ಲ, ಬಂದವರಲ್ಲಿ ಹೆಚ್ಚಿನವರು ಹೀಗೇ. ಎರಡೂ ಮಾತನ್ನು ಅವರು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಎರಡನ್ನೂ ನಂಬಿಯೇ ಹೇಳುತ್ತಿದ್ದರು. ನಾವು ಹುಡುಕುತ್ತಿದ್ದ ಒತ್ತಡ ಈ ಎರಡು ಮಾತಿನ ನಡುವೆ ಇದೆ ಅಂತ ನನಗೆ ಅನ್ನಿಸತೊಡಗಿತು. (ಇಲ್ಲಿ ಬರೆಯುತ್ತಿರುವ ವಿಷಯಗಳನ್ನು ಆಯಾ ಜನರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟಿದ್ದೇನೆ.)

ಗೆಳೆಯನ ಕಡೆ ಹೋದ ಕಣ್ಣು

ಒಂದು ಸಂದರ್ಶನ ನನಗೆ ಫ್ರೇಮ್ ಫ್ರೇಮ್ ಆಗಿ ನೆನಪಿದೆ. ಚೆನ್ನಾಗಿ ಮಾತಾಡುವ ಹುಡುಗ. ಕ್ಲಾಸಿನಲ್ಲಿ ಎಲ್ಲರಿಗೂ ಧೈರ್ಯ ಹೇಳುವವನು ಅಂತಲೇ ಅವನಿಗೆ ಹೆಸರು. ಅದಕ್ಕೇ ಅವನನ್ನು ಕರೆದಿದ್ದೆವು. ಅವನ ಆಪ್ತ ಗೆಳೆಯ ನಮ್ಮ ತಂಡದಲ್ಲೇ ಇದ್ದ. ಅವತ್ತು ಕ್ಯಾಮೆರಾದ ಎಡಗಡೆ ನಿಂತು ರಿಫ್ಲೆಕ್ಟರ್ ಹಿಡಿದಿದ್ದ. ಶೂಟ್ ನಡೆಯುವಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಎಡಿಟಿಂಗ್‌ನಲ್ಲಿ ನಿಧಾನಕ್ಕೆ ಓಡಿಸಿದಾಗ ಕಂಡಿತು. ಪ್ರತಿ ಪ್ರಶ್ನೆ ಮುಗಿದ ಕೂಡಲೇ, ಉತ್ತರ ಶುರುವಾಗುವ ಮುಂಚೆ, ಅವನ ಕಣ್ಣು ಒಂದು ಕ್ಷಣ ಎಡಕ್ಕೆ ಹೋಗಿ ಬರುತ್ತದೆ. ಗೆಳೆಯನ ಮುಖ ನೋಡಿಕೊಂಡೇ ಉತ್ತರ. ಆ ಗೆಳೆಯ ಹೂಂ ಅಂದಿದ್ದಿಲ್ಲ, ಊಹೂಂ ಅಂದಿದ್ದಿಲ್ಲ. ಸುಮ್ಮನೆ ನಿಂತಿದ್ದ. ಅಷ್ಟು ಸಾಕಾಗಿತ್ತು.

ನಡುವೆ ಬ್ಯಾಟರಿ ಮುಗಿದು ಗೆಳೆಯ ಇನ್ನೊಂದು ತರಲು ಹೊರಗೆ ಹೋದ. ಮೈಕ್ ಮಾತ್ರ ಓಡುತ್ತಿತ್ತು, ಅದು ಆ ಹುಡುಗನಿಗೂ ಗೊತ್ತಿತ್ತು. ಪ್ರಶ್ನೆ ಕೇಳುತ್ತಿದ್ದ ಹುಡುಗಿ ಸುಮ್ನೆ ಕೇಳಿದಳು, "ನಿನಗೆ ಧೈರ್ಯ ಹೇಳೋರು ಯಾರು?" ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: ಯಾರೂ ಕೇಳುವುದಿಲ್ಲ, ಕೇಳಬೇಕು ಅಂತ ಅವರಿಗೆ ಹೊಳೆಯುವುದಿಲ್ಲ, ಯಾಕಂದ್ರೆ ತಾನೇ ಹಾಗೆ ನಡೆದುಕೊಂಡಿದ್ದೇನೆ. ಓದುತ್ತಿರುವ ವಿಷಯ ತನಗೆ ಇಷ್ಟವಿಲ್ಲ. ಅದನ್ನು ಮನೆಯಲ್ಲಿ ಹೇಳುವುದಕ್ಕಿಂತ ಗೆಳೆಯರಿಗೆ ಹೇಳುವುದೇ ಕಷ್ಟ. ಮನೆಯವರು ಬೈದು ಒಪ್ಪಬಹುದು, ಗೆಳೆಯರ ಕಣ್ಣಲ್ಲಿ ತಾನು ಬೇರೆಯವನಾಗಿಬಿಡುತ್ತೇನೆ. ಬಾಗಿಲು ತೆರೆದ ಸದ್ದಾಯಿತು. ಗೆಳೆಯ ಬ್ಯಾಟರಿ ತಂದ. ಹುಡುಗನ ಬೆನ್ನು ನೆಟ್ಟಗಾಯಿತು, ದನಿ ಮೊದಲಿನ ಮಟ್ಟಕ್ಕೆ ಏರಿತು. ಧ್ವನಿಯ ಅಲೆ ತೋರಿಸುವ ಪಟ್ಟಿಯಲ್ಲಿ ಆ ಏರಿಕೆ ಕಣ್ಣಿಗೇ ಕಾಣುತ್ತದೆ.

ಇದನ್ನು ನೋಡಿದ ಮೇಲೆ ನಾನು ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರ ಗೆರೆಗಳ ಪ್ರಯೋಗವನ್ನು ಮತ್ತೆ ಓದಿದೆ. 1951ರಲ್ಲಿ ಪ್ರಕಟವಾದದ್ದು, ಮನಶ್ಶಾಸ್ತ್ರದ ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. ಒಂದು ಗೆರೆ ತೋರಿಸಿ, ಪಕ್ಕದ ಮೂರರಲ್ಲಿ ಅದರಷ್ಟೇ ಉದ್ದದ್ದು ಯಾವುದು ಅಂತ ಕೇಳುವುದು. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆಶ್ ಕಡೆಯವರು. 18 ಸುತ್ತುಗಳಲ್ಲಿ 12ರಲ್ಲಿ ಅವರು ಬೇಕಂತಲೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಬಂದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಆ ತಪ್ಪಿಗೆ ತಲೆಯಾಡಿಸಿದರು. ಸಾಮಾನ್ಯವಾಗಿ ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಆಶ್ ಮುಂದೆ ಮಾಡಿದ ಬದಲಾವಣೆಗಳು. ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದರೆ ಸಾಕು, ಹೊಂದಿಕೊಂಡು ತಪ್ಪು ಹೇಳುವವರ ಪ್ರಮಾಣ ಪಾತಾಳಕ್ಕೆ ಇಳಿಯಿತು. ಉತ್ತರವನ್ನು ಜೋರಾಗಿ ಹೇಳದೆ ಚೀಟಿಯಲ್ಲಿ ಬರೆಯಲು ಬಿಟ್ಟಾಗಲೂ ತುಂಬಾ ಇಳಿಯಿತು. ಆ ಕೋಣೆಯಲ್ಲಿ ಯಾರೂ ಬೆದರಿಸಲಿಲ್ಲ, ಬಹುಮಾನದ ಆಸೆ ತೋರಿಸಲಿಲ್ಲ, ಹೀಗೇ ಹೇಳು ಅನ್ನಲಿಲ್ಲ. ಉಳಿದವರು ಇದ್ದರು, ಅಷ್ಟೇ. ನಮ್ಮ ಹುಡುಗನ ಗೆಳೆಯನೂ ಹಾಗೇ ಇದ್ದ.

ಹಾಗಾಗಿ "ನಿನ್ನ ಮೇಲೆ ಯಾರು ಒತ್ತಡ ಹಾಕ್ತಾರೆ?" ಅನ್ನುವ ಪ್ರಶ್ನೆಗೆ ಎಷ್ಟೋ ಜನರ ಹತ್ತಿರ ನಿಜಕ್ಕೂ ಉತ್ತರ ಇರುವುದಿಲ್ಲ. ಹಾಕುವವರು ಯಾರೂ ಇಲ್ಲ. ಒತ್ತಡ ಇದೆ. ಕೇಳಿದರೆ ಅವರು ಯಾವುದೋ ಭಾಷಣದಲ್ಲಿ ಕೇಳಿದ ಮಾತನ್ನು ಎತ್ತಿ ಕೊಡುತ್ತಾರೆ. ಸಮಾಜ ಬದಲಾಗಬೇಕು, ಪೋಷಕರು ಅರ್ಥ ಮಾಡಿಕೊಳ್ಳಬೇಕು, ಸೋಷಿಯಲ್ ಮೀಡಿಯಾ ಕಡಿಮೆ ಮಾಡಬೇಕು. ನಮ್ಮ ಹಾರ್ಡ್ ಡಿಸ್ಕಿನಲ್ಲಿ ಗಂಟೆಗಟ್ಟಲೆ ಇಂಥದ್ದು ತುಂಬಿದೆ. ಇವು ಯಾವುವೂ ತಪ್ಪಲ್ಲ. ಆದರೆ ಹೇಳುವವರ ಬದುಕು ಅದರಲ್ಲಿ ಒಂದಿಷ್ಟೂ ಇಲ್ಲ.

ಕ್ಯಾಮೆರಾ ಯಾರ ಪರವಾಗಿ ನೋಡುತ್ತದೆ

ಡೇವಿಡ್ ಎಲ್ಕೈಂಡ್ ಅನ್ನುವ ಮನಶ್ಶಾಸ್ತ್ರಜ್ಞ 1967ರಲ್ಲಿ ಹದಿಹರೆಯದವರ ಬಗ್ಗೆ ಒಂದು ಮಾತು ಬರೆದರು. ಆ ವಯಸ್ಸಿನಲ್ಲಿ ನಮ್ಮನ್ನು ಎಲ್ಲರೂ ನೋಡುತ್ತಿದ್ದಾರೆ, ಅಳೆಯುತ್ತಿದ್ದಾರೆ ಅನ್ನುವ ಭಾವನೆ ಜಾಸ್ತಿ. ಇದನ್ನು ಅವರು ಕಲ್ಪಿತ ಪ್ರೇಕ್ಷಕರು ಅಂತ ಕರೆದರು. ಯೋಚನೆ ಮಾಡಿ, ಅಂಥ ಪ್ರೇಕ್ಷಕರನ್ನು ತಲೆಯಲ್ಲಿ ಹೊತ್ತುಕೊಂಡೇ ಓಡಾಡುವವರ ಮುಂದೆ ನಾವು ನಿಜವಾದ ಕ್ಯಾಮೆರಾ ಇಡುತ್ತೇವೆ. ಈಗಂತೂ ಆ ಪ್ರೇಕ್ಷಕರು ಕಲ್ಪನೆಯೂ ಅಲ್ಲ. ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಬಂದದ್ದು 2009ರಲ್ಲಿ, ಇನ್‌ಸ್ಟಾಗ್ರಾಂ ಶುರುವಾದದ್ದು 2010ರಲ್ಲಿ. ನಮ್ಮ ಚಿತ್ರದಲ್ಲಿ ಮಾತಾಡಿದವರಿಗೆ ಅದಕ್ಕೂ ಹಿಂದಿನ ಬದುಕಿನ ನೆನಪೇ ಇಲ್ಲ. ತಮ್ಮ ಮುಖ ಯಾವ ಕೋನದಲ್ಲಿ ಚೆನ್ನಾಗಿ ಕಾಣುತ್ತದೆ, ಎಲ್ಲಿ ನಗಬೇಕು, ಮಾತನ್ನು ಎಲ್ಲಿ ನಿಲ್ಲಿಸಬೇಕು ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಒಬ್ಬಳಂತೂ ಉತ್ತರ ಮುಗಿಸಿ, "ಇದು ಚೆನ್ನಾಗಿ ಬಂತಾ, ಇನ್ನೊಂದ್ಸಲ ಹೇಳ್ಲಾ?" ಅಂತ ಕೇಳುತ್ತಿದ್ದಳು. ಒತ್ತಡದ ಬಗ್ಗೆ ಮಾತಾಡುವಾಗಲೂ ಒಳ್ಳೆಯ ಅಂಕ ಬರಬೇಕು ಅನ್ನುವ ಹಾಗೆ. ಅವಳ ಮೇಲೆ ನನಗೆ ಬಹಳ ಮರುಕ ಬಂತು.

ಇದಕ್ಕೆ ದಾರಿ ಹುಡುಕುವಾಗ ನಮಗೆ ತುಂಬಾ ನೆರವಾದದ್ದು ಹಳೆಯ ಫ್ರೆಂಚ್ ಚಿತ್ರವೊಂದು ಬಳಸಿದ ವಿಧಾನ. 1960ರ ಬೇಸಿಗೆಯಲ್ಲಿ ಮಾನವಶಾಸ್ತ್ರಜ್ಞ ಜಾನ್ ರೂಶ್ ಮತ್ತು ಸಮಾಜಶಾಸ್ತ್ರಜ್ಞ ಎಡ್ಗಾರ್ ಮೊರಾನ್ ಪ್ಯಾರಿಸ್‌ನಲ್ಲಿ ಚಿತ್ರೀಕರಿಸಿದ "ಕ್ರಾನಿಕಲ್ ಆಫ್ ಎ ಸಮ್ಮರ್". ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ "ನೀವು ಸಂತೋಷವಾಗಿದ್ದೀರಾ?" ಅಂತ ಕೇಳುವುದು ಅದರಲ್ಲಿ ಪ್ರಸಿದ್ಧ. ಆ ಪ್ರಶ್ನೆಗೆ ಎಷ್ಟೋ ಜನ ಜಾರಿಕೊಂಡು ಹೋಗುತ್ತಾರೆ. ಮನಸ್ಸು ಕಲಕುವುದು ಬೇರೆ ಭಾಗ. ನಾಜಿ ಶಿಬಿರದಿಂದ ಬದುಕಿ ಬಂದಿದ್ದ ಮಾರ್ಸೆಲಿನ್ ಲೊರಿದಾನ್ ಹೆಗಲಿಗೆ ನಾಗ್ರಾ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು, ಬಟ್ಟೆಗೆ ಮೈಕ್ ಸಿಕ್ಕಿಸಿಕೊಂಡು, ಖಾಲಿ ರಸ್ತೆಯಲ್ಲಿ ಒಬ್ಬರೇ ನಡೆಯುತ್ತಾ ಹಿಂತಿರುಗದ ತಮ್ಮ ತಂದೆಯ ಜೊತೆ ಮಾತಾಡುತ್ತಾರೆ. ಕ್ಯಾಮೆರಾ ಒಂದು ಕಾರಿನಲ್ಲಿ, ಅವರಿಂದ ದೂರ ಸರಿಯುತ್ತಾ ಹೋಗುತ್ತದೆ. ಪ್ರಶ್ನೆ ಕೇಳುವವರು ಯಾರೂ ಇಲ್ಲ. ಏನು ಹೇಳಬೇಕು, ಎಷ್ಟು ಹೇಳಬೇಕು, ಎಲ್ಲ ಅವರದೇ. ಎದುರಿಗೆ ಯಾರಾದರೂ ಕೂತು ಕೇಳಿದ್ದರೆ ಆ ಮಾತು ಹಾಗೆ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ನಾವೂ ಕ್ಯಾಮೆರಾ ಪಕ್ಕಕ್ಕಿಟ್ಟೆವು. ಪುಟ್ಟ ರೆಕಾರ್ಡರ್ ಒಂದನ್ನು ಒಬ್ಬೊಬ್ಬರ ಕೈಗೇ ಕೊಟ್ಟು ಕಳಿಸಿದೆವು. ಪ್ರಶ್ನೆ ಇಲ್ಲ. ಒಂದೇ ಒಂದು ಕೋರಿಕೆ: ಇತ್ತೀಚೆಗೆ ಬೇಡ ಅನ್ನಬೇಕು ಅನ್ನಿಸಿದರೂ ಹೂಂ ಅಂದ ಒಂದು ಸಂದರ್ಭ ಹೇಳಿ. ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ. ಕೇಳಿ ನೋಡಿ ಬೇಡ ಅನ್ನಿಸಿದರೆ ಅಳಿಸಿ, ಖಾಲಿ ವಾಪಸ್ ಕೊಟ್ಟರೂ ನಾವು ಯಾಕೆ ಅಂತ ಕೇಳುವುದಿಲ್ಲ. ಕೆಲವರು ಖಾಲಿಯೇ ಕೊಟ್ಟರು. ಉಳಿದವುಗಳಲ್ಲಿ ಮೊದಲ ಸಲ ಬದುಕು ಕೇಳಿಸಿತು. ಫ್ಯಾನಿನ ಸದ್ದು, ಯಾರೋ ಬಾಗಿಲು ತಟ್ಟುವುದು, ರಾತ್ರಿಯ ಪಿಸುಮಾತು. ತಾಂತ್ರಿಕವಾಗಿ ಕೆಟ್ಟ ರೆಕಾರ್ಡಿಂಗ್‌ಗಳು. ನಮ್ಮ ಚಿತ್ರದ ಬೆನ್ನೆಲುಬು ಅವೇ ಆದವು.

ಅದರಲ್ಲಿದ್ದ ಸಂಗತಿಗಳು ದೊಡ್ಡವಲ್ಲ, ಅದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಗುಂಪಿನಲ್ಲಿ ಒಬ್ಬಳ ಮೈಯನ್ನು ಆಡಿಕೊಂಡು ನಗುವಾಗ ತಾನೂ ನಕ್ಕದ್ದು. ಫೋಟೋ ಹಾಕಿ, ಸಾಕಷ್ಟು ಲೈಕ್ ಬರಲಿಲ್ಲ ಅಂತ ಅಳಿಸಿ, ಬೆಳಿಗ್ಗೆ ಬೇರೆ ಫೋಟೋ ಹಾಕಿದ್ದು. ದುಡ್ಡಿಲ್ಲದಿದ್ದರೂ ಪ್ರವಾಸಕ್ಕೆ ಹೆಸರು ಕೊಟ್ಟು, ಕೊನೆಗಳಿಗೆಯಲ್ಲಿ ಜ್ವರ ಅಂತ ಹೇಳಿದ್ದು. ಓದುತ್ತಿದ್ದರೂ "ನಾನೇನೂ ಓದಿಲ್ಲಪ್ಪ" ಅಂತ ಹೇಳುತ್ತಾ ಬಂದದ್ದು, ಫೇಲ್ ಆದರೆ ಮರ್ಯಾದೆ ಉಳಿಯಲಿ ಅಂತ. ಅಳು ಬಂದರೂ ಅಳದೆ ಇದ್ದದ್ದು, ಗಂಡುಹುಡುಗ ಅಂತ. ಇವುಗಳಲ್ಲಿ ಒಂದೂ ಸುದ್ದಿಯಾಗುವುದಿಲ್ಲ. ದೊಡ್ಡವರಿಗೆ ಹೇಳಿದರೆ "ಇಷ್ಟೇನಾ?" ಅಂದುಬಿಡುತ್ತಾರೆ. ಆದರೆ ದಿನಾ ಇಂಥ ಹತ್ತು ಸಣ್ಣ ಹೂಂಗಳನ್ನು ಹೇಳುತ್ತಾ ಹೋದರೆ ಒಂದು ದಿನ ತನಗೆ ಏನು ಬೇಕಿತ್ತು ಅನ್ನುವುದೇ ಮರೆತುಹೋಗುತ್ತದೆ. ಒಬ್ಬಳು ತನ್ನ ರೆಕಾರ್ಡಿಂಗ್ ಕೊನೆಗೆ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದಳು.

ಒಪ್ಪಿಗೆ ಅನ್ನೋದು ಸಹಿ ಅಲ್ಲ

ಇಂಥ ದನಿಗಳು ಕೈಗೆ ಬಂದ ಮೇಲೆ ಜವಾಬ್ದಾರಿ ಬೇರೆಯೇ ಆಗುತ್ತದೆ. ವಿದ್ಯಾರ್ಥಿ ಚಿತ್ರ ಅಂದರೆ ನೋಡುವವರು ನಮ್ಮವರೇ. ಅದೇ ಜಾಸ್ತಿ ಅಪಾಯ. ದೂರದ ಪ್ರೇಕ್ಷಕನಿಗೆ ಆ ದನಿ ಯಾರದ್ದೋ ದನಿ. ಅದೇ ಕ್ಲಾಸಿನವರಿಗೆ ಕೆಮ್ಮು ಕೇಳಿದರೂ ಗೊತ್ತಾಗುತ್ತದೆ. ಮುಖ ಮಸುಕು ಮಾಡಿದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೂರುವ ಭಂಗಿ, ಕೈ ಆಡಿಸುವ ರೀತಿ, ಬ್ಯಾಗು, ಹಿಂದಿನ ಗೋಡೆ, ಎಲ್ಲವೂ ಗುರುತು ಹೇಳುತ್ತವೆ. ದನಿಯ ಸ್ಥಾಯಿ ಏರಿಸಿ ಇಳಿಸಿ ಬದಲಾಯಿಸುವುದೂ ನಂಬುವಂಥದ್ದಲ್ಲ. ಯಾವ ಸಾಫ್ಟ್‌ವೇರ್‌ನಲ್ಲಿ ಬದಲಾಯಿಸಿದೆವೋ ಅಂಥದ್ದರಲ್ಲೇ ಅದನ್ನು ಹಿಂದಕ್ಕೂ ತರಬಹುದು. ಹಾಗಾಗಿ ಗುರುತು ಬೇಡ ಅಂದವರ ಮಾತನ್ನು ಬೇರೊಬ್ಬರಿಂದ ಓದಿಸಿದೆವು. ಉಸಿರು ತೆಗೆದುಕೊಂಡ ಜಾಗ, ತಡವರಿಸಿದ ಜಾಗ, ಎಲ್ಲ ಮೂಲದಲ್ಲಿದ್ದ ಹಾಗೇ. ಓದಿಸಿದ ದನಿ ಅಂತ ತೆರೆಯ ಮೇಲೆ ಬರೆದೆವು. ಮೂಲ ಫೈಲ್‌ಗಳನ್ನು ಆಮೇಲೆ ಅಳಿಸಿದೆವು.

ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರ ಸಹಿ ಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಪೋಷಕರು ಹೂಂ ಅಂದಮೇಲೆ ಮಗು ಊಹೂಂ ಅನ್ನುವುದು ಎಷ್ಟು ಕಷ್ಟ! 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 12ನೇ ವಿಧಿ ಮಗುವಿಗೆ ತನ್ನ ವಿಷಯದಲ್ಲಿ ಮಾತಾಡುವ ಹಕ್ಕು ಕೊಡುತ್ತದೆ, 16ನೇ ವಿಧಿ ಖಾಸಗಿತನದ ಹಕ್ಕು ಕೊಡುತ್ತದೆ. ಡಾಕ್ಯುಮೆಂಟರಿ ಮಾಡುವವರು ಮೊದಲನೆಯದನ್ನು ಖುಷಿಯಾಗಿ ನೆನಪಿಟ್ಟುಕೊಳ್ಳುತ್ತೇವೆ. ಎರಡನೆಯದೂ ಅಷ್ಟೇ ನಮ್ಮ ಹೊಣೆ. ನಾವು ಸಹಿಯ ಕಾಗದದ ಜೊತೆ ಇನ್ನೊಂದು ಮಾತು ಕೊಟ್ಟೆವು. ಕೊನೆಯ ಪ್ರತಿ ತಯಾರಾಗುವ ತನಕ ಯಾರು ಬೇಕಾದರೂ, ಕಾರಣ ಹೇಳದೆ, ಹೊರಗೆ ಹೋಗಬಹುದು.

ಬ್ರಿಟನ್ನಿನಲ್ಲಿ 1964ರಲ್ಲಿ ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿ ಒಂದು ಟಿವಿ ಕಾರ್ಯಕ್ರಮ ಮಾಡಿದ್ದರು, "ಸೆವೆನ್ ಅಪ್". ಆಮೇಲೆ ಏಳು ವರ್ಷಕ್ಕೊಮ್ಮೆ ಅವರನ್ನೇ ಹುಡುಕಿಕೊಂಡು ಹೋಗಿ ಚಿತ್ರೀಕರಿಸಿದರು. 2019ರಲ್ಲಿ ಅವರಿಗೆ 63 ಆಗುವ ತನಕ. ಅದು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಏಳನೇ ವಯಸ್ಸಿನಲ್ಲಿ ಯೋಚಿಸದೆ ಆಡಿದ ಒಂದು ಮಾತು ಜೀವನಪೂರ್ತಿ ಬೆನ್ನಿಗೆ ಬರುವುದು ಸಣ್ಣ ವಿಷಯವಲ್ಲ. ಅವರಲ್ಲಿ ಕೆಲವರು ನಡುವೆ ಬಿಟ್ಟರು. 21ನೇ ವಯಸ್ಸಿನ ಚಿತ್ರೀಕರಣದ ನಂತರ ಬಿಟ್ಟ ಒಬ್ಬರು ತಾವೇ ಡಾಕ್ಯುಮೆಂಟರಿ ಕ್ಷೇತ್ರಕ್ಕೆ ಹೋದವರು. ಈ ಸಂಗತಿ ನನಗೆ ಯಾವಾಗಲೂ ನೆನಪಾಗುತ್ತದೆ.

ಅವರಿಗೇ ಮೊದಲು ತೋರಿಸಿದ್ದು

ರೂಶ್ ಮತ್ತು ಮೊರಾನ್ ಮಾಡಿದ ಇನ್ನೊಂದು ಕೆಲಸವನ್ನೂ ನಾವು ಮಾಡಿದೆವು. ಅವರು ಚಿತ್ರದಲ್ಲಿದ್ದವರನ್ನೇ ಕೂರಿಸಿ ಚಿತ್ರ ತೋರಿಸಿ, ಆಮೇಲಿನ ಚರ್ಚೆಯನ್ನೂ ಚಿತ್ರೀಕರಿಸಿದ್ದರು. ನಾವು ಚಿತ್ರೀಕರಿಸಲಿಲ್ಲ. ರಫ್ ಕಟ್, ಅಂದರೆ ಚಿತ್ರದ ಮೊದಲ ಒರಟು ಜೋಡಣೆ, ತಯಾರಾದ ಕೂಡಲೇ ಒಂದು ಖಾಲಿ ತರಗತಿಯಲ್ಲಿ, ಅಧ್ಯಾಪಕರಿಲ್ಲದೆ, ಪೋಷಕರಿಲ್ಲದೆ, ಚಿತ್ರದಲ್ಲಿದ್ದವರಿಗಷ್ಟೇ ತೋರಿಸಿದೆವು.

ಮೊದಲಿಗೆ ಬಂದದ್ದು "ನನಗೇನಿಲ್ಲ, ಬೇರೆಯವರಿಗಿದೆ" ಅನ್ನುವ ತುಣುಕುಗಳ ಸಾಲು. ಒಬ್ಬರಾದ ಮೇಲೆ ಒಬ್ಬರು ಅದೇ ಹೇಳುವಾಗ ನಗು ಎದ್ದಿತು. ಬೆಚ್ಚಗಿನ ನಗು, ಸಿಕ್ಕಿಬಿದ್ದವರ ನಗು. ಆಮೇಲೆ ರೆಕಾರ್ಡರ್‌ನ ದನಿಗಳು ಶುರುವಾದವು. ತೆರೆಯ ಮೇಲೆ ಖಾಲಿ ಮೆಟ್ಟಿಲು, ಕಾರಿಡಾರ್, ಬಸ್ಸಿನ ಕಿಟಕಿ. ಪ್ರವಾಸಕ್ಕೆ ಜ್ವರದ ನೆಪ ಹೇಳಿದ ಮಾತು ಬಂದಾಗ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಜೋರಾಗಿ ಅಂದಳು, "ಅಯ್ಯೋ, ನಾನೂ!" ಅವಳಿಗೆ ಅದು ಬಾಯಿಂದ ಬಂದದ್ದೇ ಗೊತ್ತಾಗಲಿಲ್ಲ ಅನ್ನಿಸುತ್ತದೆ. ಚಿತ್ರ ನಿಲ್ಲಿಸಬೇಕಾಯಿತು. ಯಾಕಂದ್ರೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದ್ದರು. ಆ ಪ್ರವಾಸಕ್ಕೆ ಹೋಗಲಿಕ್ಕೆ ದುಡ್ಡಿಲ್ಲದೆ ಒದ್ದಾಡಿದವರು ಆ ಕೋಣೆಯಲ್ಲೇ ಎಷ್ಟೋ ಜನ ಇದ್ದರು. ಎಲ್ಲರೂ ತಾವೊಬ್ಬರೇ ಅಂದುಕೊಂಡಿದ್ದರು. ಉಳಿದವರೆಲ್ಲ ಖುಷಿಯಾಗಿ ಹೊರಟಿದ್ದಾರೆ ಅಂತ ಪ್ರತಿಯೊಬ್ಬರೂ ನಂಬಿದ್ದರಿಂದಲೇ ಆ ಪ್ರವಾಸ ನಡೆದಿತ್ತು. ಧೈರ್ಯದ ಹುಡುಗನೂ ಅಲ್ಲಿದ್ದ. ಬ್ಯಾಟರಿ ತರಲು ಹೋದ ಗೆಳೆಯ ಅವನ ಪಕ್ಕದಲ್ಲೇ ಇದ್ದ. ಅವರಿಬ್ಬರೂ ಏನು ಮಾತಾಡಿಕೊಂಡರು ನನಗೆ ಗೊತ್ತಿಲ್ಲ. ಬಹಳ ಹೊತ್ತು ಮಾತಾಡಿದರು, ಅದಂತೂ ನೋಡಿದೆ.

ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಎಂಬ ಸಂಶೋಧಕರು 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುಡಿತದ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಕ್ಯಾಂಪಸ್ಸಿನ ಕುಡಿಯುವ ರೂಢಿ ನಿನಗೆ ಎಷ್ಟು ಒಪ್ಪಿಗೆ, ಸಾಮಾನ್ಯ ವಿದ್ಯಾರ್ಥಿಗೆ ಎಷ್ಟು ಒಪ್ಪಿಗೆ ಇರಬಹುದು ಅಂತ ಕೇಳಿದರು. ತಮಗೆ ಅಷ್ಟಾಗಿ ಒಪ್ಪಿಗೆ ಇಲ್ಲ, ಉಳಿದವರಿಗೆ ಒಪ್ಪಿಗೆ ಅಂತ ವಿದ್ಯಾರ್ಥಿಗಳು ಹೇಳಿದರು. ಎಲ್ಲರೂ ಹೀಗೆ ಹೇಳಿದರೆ ಆ ಉಳಿದವರು ಯಾರು? ಹೊರಗೆ ಕಾಣುವುದು ನಡವಳಿಕೆ ಮಾತ್ರ, ಒಳಗಿನ ಹಿಂಜರಿಕೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಯಾರಿಗೂ ಬೇಡದ ರೂಢಿ ಎಲ್ಲರ ಹೆಗಲ ಮೇಲೆ ಪಲ್ಲಕ್ಕಿಯಂತೆ ಸಾಗುತ್ತದೆ. ನಮ್ಮ ಚಿತ್ರ ಹೇಳಬೇಕಾದ್ದು ಇದೇ ಅಂತ ಆ ತರಗತಿಯಲ್ಲಿ ನನಗೆ ಖಚಿತವಾಯಿತು. ತಮಾಷೆಯಾಗಿ ಅಲ್ಲ, ಹೆದರಿಸುವ ಹಾಗೂ ಅಲ್ಲ. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿದರೆ ಸಾಕು.

ಅವತ್ತೇ ಸಂಜೆ ಒಬ್ಬಳು ಬಂದು ತನ್ನ ಭಾಗ ತೆಗೆಯಲು ಕೇಳಿದಳು. ಚಿತ್ರದಲ್ಲೇ ಅತ್ಯಂತ ಗಟ್ಟಿ ಭಾಗ ಅದು. ಬೇರೆಯವರ ದನಿಯಲ್ಲಿ ಓದಿಸಿದ್ದರೂ ಅವಳಿಗೆ ಸಮಾಧಾನವಿರಲಿಲ್ಲ. ತಂಡದಲ್ಲಿ ಒಬ್ಬ ಅವಳನ್ನು ಒಪ್ಪಿಸೋಣ, ಇದರಿಂದ ಎಷ್ಟು ಜನರಿಗೆ ಒಳ್ಳೆಯದಾಗುತ್ತದೆ ಅಂತ ತಿಳಿಸಿ ಹೇಳೋಣ ಅಂದ. ಅವನ ಕಳಕಳಿ ನಿಜವಾದದ್ದು. ಆದರೆ ಬೇಡ ಅನ್ನಲು ಕಷ್ಟಪಡುವವರ ಬಗ್ಗೆ ಚಿತ್ರ ಮಾಡುತ್ತಾ, ಬೇಡ ಅಂದ ಒಬ್ಬಳನ್ನು ಕೂರಿಸಿಕೊಂಡು ಹೂಂ ಅನ್ನಿಸುವುದು ಹೇಗೆ? ತೆಗೆದೆವು. ಎರಡನೆಯ ಅರ್ಧ ಸ್ವಲ್ಪ ಸಡಿಲವಾಯಿತು. ನೋಡಿದವರು ಕೆಲವರು ಅದನ್ನು ಗುರುತಿಸಿದರು ಕೂಡ. ಸಡಿಲವಾಗಿಯೇ ಇರಲಿ. ಕಾರಣ ಹೇಳದೆ ಅವಳು ಬೇಡ ಅಂದದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಮ್ಮೆ ಅನ್ನಿಸುವ ಸಂಗತಿ. ಅವಳ ಬಗ್ಗೆ ಹೆಮ್ಮೆ, ಅಂಥ ಜಾಗ ಉಳಿಸಿಕೊಂಡ ನಮ್ಮ ತಂಡದ ಬಗ್ಗೆಯೂ.

ಇನ್ನೊಂದು ರೆಕಾರ್ಡಿಂಗ್ ಬಗ್ಗೆ ಹೇಳಲೇಬೇಕು. ಬದುಕೇ ಬೇಡ ಅನ್ನಿಸಿದ್ದ ದಿನಗಳ ಮಾತು ಅದರಲ್ಲಿತ್ತು. ಅಂಥದ್ದು ಕೇಳಿದ ಕೂಡಲೇ ಎಡಿಟಿಂಗ್ ಪ್ರಶ್ನೆ ಪಕ್ಕಕ್ಕೆ ಹೋಗಬೇಕು. ಮೊದಲು ಆ ವ್ಯಕ್ತಿ ಈಗ ಹೇಗಿದ್ದಾರೆ, ಜೊತೆಗೆ ಯಾರಿದ್ದಾರೆ ಅಂತ ನೋಡಬೇಕು. ಅವರ ಒಪ್ಪಿಗೆ ಪಡೆದೇ, ಅವರು ನಂಬುವ ಅಧ್ಯಾಪಕರೊಬ್ಬರ ಮತ್ತು ಆಪ್ತಸಮಾಲೋಚಕರ ಹತ್ತಿರ ಅವರನ್ನು ಕರೆದೊಯ್ದೆವು. ಚಿತ್ರದ ಮಾತು ಬಹಳ ಆಮೇಲೆ ಬಂತು. ಸಿನಿಮಾ, ನಾಟಕ ಮಾಡುವವರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆತ್ಮಹತ್ಯೆ ತಡೆಯ ಬಗ್ಗೆ ಒಂದು ಕೈಪಿಡಿ ತಂದಿದೆ. ವಿಧಾನದ ವಿವರ ತೋರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ, ಕಷ್ಟದಿಂದ ಹೊರಬಂದ ದಾರಿಯನ್ನು ತೋರಿಸಿ, ಸಹಾಯ ಎಲ್ಲಿ ಸಿಗುತ್ತದೆ ಅಂತ ತಿಳಿಸಿ ಅನ್ನುವಂಥ ಮಾತುಗಳು ಅದರಲ್ಲಿವೆ. ಈ ವಿಷಯದ ಚಿತ್ರಕ್ಕೆ ಕೈ ಹಾಕುವ ಪ್ರತಿ ವಿದ್ಯಾರ್ಥಿ ತಂಡವೂ ಶೂಟಿಂಗ್‌ಗೆ ಮುಂಚೆಯೇ ಅದನ್ನು ಓದಬೇಕು. ಸುಸ್ತಾಗಿ ಕುಸಿದು ಕೂತ ಆಕೃತಿ, ಮಳೆಯ ಕಿಟಕಿ, ಅಳುವ ಪಿಟೀಲು ಹಾಕಿ ಮುಗಿಸುವ ಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ. ಕಷ್ಟದಲ್ಲಿರುವ ಒಬ್ಬ ಹುಡುಗ ಅದನ್ನು ಒಂಟಿಯಾಗಿ ನೋಡುತ್ತಿದ್ದಾನೆ ಅಂತ ಅಂದುಕೊಂಡರೆ ಹಾಗೆ ಮುಗಿಸಲು ಮನಸ್ಸು ಬರುವುದಿಲ್ಲ.

ಎಲ್ಲರಿಗೂ ತೋರಿಸಿದ ದಿನ ಒಬ್ಬ ಪೋಷಕರು ಎದ್ದು ನಿಂತು, ಸಮಸ್ಯೆ ತೋರಿಸಿದಿರಿ, ಪರಿಹಾರ ಎಲ್ಲಿ ಅಂತ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾವು ಬೇಕಂತಲೇ ಚಿತ್ರದಲ್ಲಿ ಯಾವ ಅಪ್ಪ ಅಮ್ಮನನ್ನೂ ಖಳನಾಯಕರನ್ನಾಗಿ ಮಾಡಿರಲಿಲ್ಲ. ಅವರ ಸಂದರ್ಶನಗಳಲ್ಲೂ ಅದೇ ವಾಕ್ಯ ಸಿಕ್ಕಿತ್ತು: "ನಾವೇನೂ ಒತ್ತಾಯ ಮಾಡಲ್ಲ, ಬೇರೆ ಮನೆಗಳಲ್ಲಿ ಮಾಡ್ತಾರೆ." ಅವರಿಗೂ ಅವರ ಪಕ್ಕದವರು ಇದ್ದಾರೆ. ನಾನು ಅವತ್ತು ಆಶ್ ಪ್ರಯೋಗದ ಆ ಇನ್ನೊಬ್ಬನ ಬಗ್ಗೆ ಹೇಳಿದೆ. ಇಡೀ ಗುಂಪನ್ನು ಬದಲಾಯಿಸುವುದು ಬೇಕಾಗಿಲ್ಲ, ಕೋಣೆಯಲ್ಲಿ ಒಬ್ಬರು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಪಕ್ಕದಲ್ಲಿ ಕೂತವರಿಗೆ ಎಷ್ಟೋ ಬಲ ಬರುತ್ತದೆ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ. ಸಣ್ಣ ಪರಿಹಾರ ಅನ್ನಿಸಿರಬೇಕು. ನನಗೆ ಮಾತ್ರ ಅದು ಸಣ್ಣದು ಅನ್ನಿಸುವುದಿಲ್ಲ. ಆ ತರಗತಿಯಲ್ಲಿ "ನಾನೂ" ಅಂದ ಹುಡುಗಿ ಮಾಡಿದ್ದು ಅದನ್ನೇ.

ಈಗ ಜೂನಿಯರ್‌ಗಳು ಇದೇ ವಿಷಯದ ಮೇಲೆ ಇನ್ನೊಂದು ಚಿತ್ರ ಮಾಡಲು ಹೊರಟಿದ್ದಾರೆ. ಪ್ರಶ್ನೆಗಳ ಪಟ್ಟಿ ಕೊಡಿ ಅಂತ ನನ್ನನ್ನು ಕೇಳಿದರು. ಪಟ್ಟಿ ಕೊಡಲಿಲ್ಲ, ರೆಕಾರ್ಡರ್ ಕೊಟ್ಟೆ. ಮೊದಲು ನೀವು ನೀವೇ ಒಂದೊಂದು ರಾತ್ರಿ ಇದನ್ನು ಮನೆಗೆ ತಗೊಂಡು ಹೋಗಿ, ಬೇಡ ಅನ್ನಬೇಕಿದ್ದ ಒಂದು ಸಂದರ್ಭ ಹೇಳಿ, ಆಮೇಲೆ ಎಲ್ಲರೂ ಕೂತು ಕೇಳಿ ಅಂದೆ. ಅಳಿಸಿದವರನ್ನು ಯಾಕೆ ಅಂತ ಕೇಳಬೇಡಿ. ಬೇರೆಯವರ ಹತ್ತಿರ ಹೋಗುವುದು ಅದಾದ ಮೇಲೆ. ಶೀರ್ಷಿಕೆ, ಸಂಗೀತ, ಪೋಸ್ಟರ್ ಎಲ್ಲ ಇನ್ನೂ ಆಮೇಲೆ ನೋಡಿಕೊಂಡರಾಯಿತು.